ಶಾಂತಾಬಾಯಿಯ ಕೌದಿ

ಆ ಗುರುವಾರ ದಾನಮ್ಮ ಭಾಲ್ಕಿಯಿಂದ ಮೊದಲ ಬಸ್ಸಿಗೇ ಬೀದರಕ್ಕೆ ಬಂದಳು. ಮೈಲೂರು ಬಡಾವಣೆಯ ಅಕ್ಕನ ಮನೆಯ ಒಳಕೋಣೆಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಮಂಚದ ಮೇಲೆ ಅಂಗಡಿಯ ಗಾದಿ ಇತ್ತು, ಅದರ ಮೇಲೊಂದು ಹೊಸ ಚಾದರ ಇತ್ತು. ಅವಳ ಕಣ್ಣು ಹುಡುಕಿದ್ದು ಮಾತ್ರ ಅಲ್ಲಿರಲಿಲ್ಲ.

“ಮಾಮಾ, ಅಕ್ಕನ ಕೌದಿ ಎಲ್ಲದ?”

ಮಡೆಪ್ಪ ಆಗಷ್ಟೇ ಲಿಂಗಪೂಜೆ ಮುಗಿಸಿ ಎದ್ದಿದ್ದ. ಹಣೆಯ ವಿಭೂತಿ ಇನ್ನೂ ಹಸಿಯಿತ್ತು. “ಕೊಟ್ಟೆ,” ಎಂದ.

“ಯಾರಿಗಿ?”

“ಭಾಂಡೇದವನಿಗಿ. ಹಳೇ ಅರಿವಿ ತಗೊಂಡು ಸ್ಟೀಲಿನ ಡಬ್ಬಿ ಕೊಡ್ತಾನಲ್ಲ, ಏಜಾಜ, ಅವನಿಗಿ. ರವಿವಾರ ಬಂದಿದ್ದ.”

ದಾನಮ್ಮ ಎರಡೂ ಕೈಯಿಂದ ಹಣೆ ಹಿಡಿದುಕೊಂಡು ನೆಲದ ಮೇಲೆ ಕುಳಿತಳು.

ಅವಳ ಅಕ್ಕ, ಎಂದರೆ ಮಡೆಪ್ಪನ ಹೆಂಡತಿ ಶಾಂತಾಬಾಯಿ, ತೀರಿಕೊಂಡು ಎಂಟು ತಿಂಗಳಾಗಿತ್ತು. ಮಡೆಪ್ಪನಿಗೆ ಈಗ ಎಪ್ಪತ್ತು. ಮೂವತ್ತನಾಲ್ಕು ವರ್ಷ ಬೀದರ, ಭಾಲ್ಕಿ, ಔರಾದ ಎಂದು ಬಸ್ಸಿನಲ್ಲಿ ಟಿಕೇಟು ಹರಿದವನು. ನಿಯಮ ಬಿಟ್ಟು ಒಂದು ಹೆಜ್ಜೆ ಇಡದ ಕಂಡಕ್ಟರ್ ಎಂದು ಜೊತೆಯವರು ಅವನಿಗೆ ‘ರೂಲ್ ಮಡೆಪ್ಪ’ ಎಂದೇ ಹೆಸರಿಟ್ಟಿದ್ದರು. ದೇವರ ವಿಷಯದಲ್ಲೂ ಅವನು ಹಾಗೆಯೇ ಇದ್ದ. ಶಿವ ಕೊಟ್ಟಿದ್ದನ್ನು ಶಿವನೇ ತೆಗೆದುಕೊಂಡ ಮೇಲೆ ಮನುಷ್ಯ ಅದರ ಸೆರಗು ಹಿಡಿದು ಜಗ್ಗಬಾರದು ಎಂಬುದು ಅವನ ನಂಬಿಕೆ. ಹೆಂಡತಿಯ ಸೀರೆಗಳನ್ನೆಲ್ಲ ತಿಂಗಳೊಪ್ಪತ್ತಿನಲ್ಲಿ ಹಂಚಿ ಮುಗಿಸಿದ್ದ. ಹಳೆ ಸೀರೆಗಳನ್ನು ಒಂದರ ಮೇಲೊಂದಿಟ್ಟು ಅವಳು ಹೊಲಿದ ಕೌದಿ ಮಾತ್ರ ಉಳಿದಿತ್ತು. ಅದನ್ನು ಹೊದ್ದರೆ ನಿದ್ದೆ ಬರುತ್ತಿತ್ತು. ಆದರೆ ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕುಳಿತಾಗ ದೃಷ್ಟಿ ಲಿಂಗದ ಮೇಲೆ ನಿಲ್ಲದೆ ಬಾಗಿಲಾಚೆಯ ಮಂಚಕ್ಕೆ ಹೋಗುತ್ತಿತ್ತು. ಒಂದು ಹಳೆಯ ಅರಿವೆ ತನಗೂ ಶಿವನಿಗೂ ನಡುವೆ ಬಂದು ಕುಳಿತಿತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಸಿಟ್ಟು. ರವಿವಾರ ಓಣಿಯಲ್ಲಿ ಏಜಾಜನ ಕೂಗು ಕೇಳಿದ್ದೇ ತಡ, ಮಡಚಿ ಒಯ್ದು ಅವನ ಗಾಡಿಯಲ್ಲಿ ಹಾಕಿ ಬಂದಿದ್ದ. ಬದಲಿಗೆ ಮುಚ್ಚಳ ಸಡಿಲಿದ್ದ ಒಂದು ಡಬ್ಬಿ ಸಿಕ್ಕಿತ್ತು.

“ಒಂದು ಕೌದಿಗಿ ಇಷ್ಟ್ಯಾಕ ಮಾಡ್ತಿ, ದಾನವ್ವ?” ಎಂದ ಮಡೆಪ್ಪ.

ದಾನಮ್ಮ ತಲೆ ಎತ್ತಿದಳು. “ಅದರಾಗ ಗುಡಿಯಾನ ಅಂಗಿ ಅದ ರಿ, ಮಾಮಾ.”

ಆ ಹೆಸರು ಆ ಮನೆಯಲ್ಲಿ ಮೂವತ್ತೆಂಟು ವರ್ಷಗಳಿಂದ ಯಾರ ಬಾಯಿಂದಲೂ ಬಂದಿರಲಿಲ್ಲ. ಗುಡಿಯಾ ಮಡೆಪ್ಪನ ಮೊದಲ ಮಗಳು. ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆ; ಗೊಂಬೆಯಂತಿದ್ದಾಳೆಂದು ಪಕ್ಕದ ಮನೆಯ ಬೂಬಮ್ಮ ಕರೆದ ಹೆಸರೇ ನಿಂತುಹೋಗಿತ್ತು. ಆರು ತುಂಬಲು ಎರಡು ತಿಂಗಳಿದ್ದಾಗ ಜ್ವರ ಬಂತು, ಮೂರೇ ದಿನಕ್ಕೆ ಹೋದಳು. ಒಂದು ಫೋಟೋ ಕೂಡ ತೆಗೆಸಿರಲಿಲ್ಲ. ಮಣ್ಣು ಮಾಡಿ ಬಂದ ಸಂಜೆಯೇ ಮಡೆಪ್ಪ ಹೆಂಡತಿಗೆ, “ಅದರದೊಂದು ಚಿಂದಿನೂ ಮನ್ಯಾಗ ಇರಬಾರದು. ಎಲ್ಲಾ ಕೊಟ್ಟುಬಿಡು,” ಎಂದಿದ್ದ. ಶಾಂತಾಬಾಯಿ ‘ಹೂಂ’ ಅಂದಿದ್ದಳು. ಅವಳು ಅತ್ತದ್ದನ್ನು ಅವನು ನೋಡಿರಲಿಲ್ಲ. ನೋಡಬಾರದೆಂದು ಮರುದಿನವೇ ಡ್ಯೂಟಿಗೆ ಹೋಗಿದ್ದ.

“ಎಲ್ಲಾ ಕೊಟ್ಟಳು,” ಎಂದಳು ದಾನಮ್ಮ. “ಒಂದೇ ಒಂದು ಅಂಗಿ ಇಟ್ಟಕೊಂಡಳು. ನಿಮಗ ಹೆದರಿ ಕೌದಿ ಹೊಟ್ಟ್ಯಾಗ ಇಟ್ಟು ಹೊಲದಳು. ಸೂಜೀಗಿ ದಾರ ಹಾಕಿ ಕೊಟ್ಟಾಕಿ ನಾನೇ. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಲಿಂಗ ಮುಟ್ಟಿಸಿ ಆಣಿ ತಗೊಂಡಳು. ಇವತ್ತ ಏನರ ನೆಪಾ ಮಾಡಿ ಕೇಳಿ ಒಯ್ಯಬೇಕಂತ ಬಂದೆ. ನೀವು ಡಬ್ಬಿ ತಗೊಂಡು ಕುಂತೀರಿ.”

ಮಡೆಪ್ಪ ಮಂಚದ ಕಡೆ ನೋಡಿದ. ಎರಡು ಮೂರು ವರ್ಷಕ್ಕೊಮ್ಮೆ ಶಾಂತಾಬಾಯಿ ಆ ಕೌದಿಯ ಮೇಲೆ ಒಂದು ಹಳೆ ಸೀರೆ ಹೊದಿಸಿ ಹೊಲಿಯುತ್ತಿದ್ದಳೇ ಹೊರತು ಒಳಗಿನದನ್ನು ಬಿಚ್ಚುತ್ತಿರಲಿಲ್ಲ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ರೊಟ್ಟಿ ಒಳಗಿಡುತ್ತಿದ್ದಳು. ಕೌದಿ ಹಸಿದಿರಬಾರದಂತೆ. “ಕೌದಿಗಿ ಉಣಿಸ್ತಿ, ನನಗ ಯಾವಾಗ ಉಣಿಸ್ತಿ?” ಎಂದು ಅವನು ನಗೆಯಾಡುತ್ತಿದ್ದ. ಅವಳು ನಗುತ್ತಿರಲಿಲ್ಲ. ಅದು ಈಗ ನೆನಪಾಯಿತು.

ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಸೊಸೆ ಏಜಾಜನಿಗೆ ಫೋನ್ ಹಚ್ಚಿ ಮಾವನ ಕೈಗೆ ಕೊಟ್ಟಳು.

“ಅರಿವಿ ನಾ ಇಟ್ಟಕೊಳ್ಳಂಗಿಲ್ಲ ಕಾಕಾ,” ಎಂದ ಏಜಾಜ. “ಮಂಗಳವಾರ ಭಾಲ್ಕಿಗಿ ಹಾಕಿ ಬಂದೀನಿ. ಖಾಜಾ ಮಿಯಾನ ಗೋದಾಮಿಗಿ, ಸ್ಟೇಷನ್ ರಸ್ತೇದಾಗ. ಲಗೂನ ಹೋಗ್ರಿ. ಅವರು ಎಲ್ಲಾ ಹರದು ಚಿಂದಿ ಮಾಡಿ ಗ್ಯಾರೇಜಿಗಿ ಕಳಸ್ತಾರ.”

ಮಡೆಪ್ಪ ಚಪ್ಪಲಿ ಮೆಟ್ಟಿದ. ಸಕ್ಕರೆ ಕಾಯಿಲೆಯ ಮನುಷ್ಯ ಖಾಲಿ ಹೊಟ್ಟೆಯಲ್ಲಿ ಹೊರಟನೆಂದು ಸೊಸೆ ಓಡಿ ಬಂದು, ಕೈಗೆ ಸಿಕ್ಕ ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿ ಅವನ ಚೀಲದಲ್ಲಿಟ್ಟಳು. ಅದು ಏಜಾಜ ಕೊಟ್ಟ ಡಬ್ಬಿಯೇ ಆಗಿತ್ತು.

ಭಾಲ್ಕಿಯ ಗೋದಾಮಿನಲ್ಲಿ ಹಳೆ ಬಟ್ಟೆಯ ರಾಶಿ ತಗಡಿನ ಛಾವಣಿ ಮುಟ್ಟಿತ್ತು. ಒಂದು ಮೂಲೆಯಲ್ಲಿ ನಾಲ್ಕೈದು ಹೆಂಗಸರು ಮಣೆಗೆ ನೆಟ್ಟ ಬ್ಲೇಡಿನ ಮುಂದೆ ಕುಳಿತು ಸೀರೆ, ಧೋತರ, ಚಾದರಗಳನ್ನು ಚರ್ ಚರ್ ಎಂದು ಹರಿಯುತ್ತಿದ್ದರು. ಆ ಸಪ್ಪಳ ಮಡೆಪ್ಪನ ಹಲ್ಲಿನ ತನಕ ಇಳಿಯಿತು. ಹರಿದ ತುಂಡುಗಳ ಗುಡ್ಡೆಯಲ್ಲಿ ಅವನು ಕೈ ಹಾಕಿ ಹುಡುಕತೊಡಗಿದ.

“ಏನ್ ಹುಡುಕ್ಲತ್ತೀರಿ ಹಿರಿಯಾರ?” ಎಂದ ಖಾಜಾ ಮಿಯಾ. ಕುರ್ಚಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಮಗ್ಗುಲಲ್ಲಿ ಅವನ ತಂಗಿಯ ಮಗ ಫೈಜಲ ಮೋಟರ್ ಸೈಕಲಿಗೆ ಒರಗಿ ಫೋನು ನೋಡುತ್ತಿದ್ದ.

“ಒಂದು ಕೌದಿ. ಏಜಾಜ ಮಂಗಳವಾರ ತಂದು ಹಾಕ್ಯಾನ. ಮ್ಯಾಲ ಹಸರ ಸೀರಿ, ಅಂಚಿಗಿ ಕೆಂಪು ಪಟ್ಟಿ.”

“ನಾವು ಗೋದಡಿ ಅಂತೀವಿ. ಅವನ್ನ ಹರಿಯಂಗಿಲ್ಲ. ಇಡೀ ಇದ್ದವು ಬ್ಯಾರೇ ಹೋಗ್ತಾವ. ಐವತ್ತು ರೂಪಾಯಿಗಿ ಒಂದು.”

ಹರಿದಿಲ್ಲ. ಆ ಸಮಾಧಾನದಲ್ಲಿ ಮಡೆಪ್ಪ ಮಾಡಬಾರದ ತಪ್ಪು ಮಾಡಿದ. ವ್ಯಾಪಾರವನ್ನು ಎಂದೂ ತಾನು ಮಾಡಿದವನಲ್ಲ; ಟಿಕೇಟಿನ ದರ ಬರೆದದ್ದಿರುತ್ತಿತ್ತು.

“ಸಾವಿರ ಕೊಡ್ತೀನಿ. ಎಲ್ಲಿ ಅದ ಹೇಳ್ರಿ.”

ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು. ಫೈಜಲ ಫೋನಿನಿಂದ ತಲೆ ಎತ್ತಿದ.

“ಸಾವಿರ,” ಎಂದ ಖಾಜಾ ಮಿಯಾ ಮೆಲ್ಲಗೆ. “ಒಳಗ ಏನರ ಅದ ಏನ್ರಿ?”

ಮಗಳ ಅಂಗಿ ಎನ್ನಬೇಕು. ಎರಡೇ ಶಬ್ದ. ಮೂವತ್ತೆಂಟು ವರ್ಷ ಹೆಂಡತಿಯ ಎದುರಿಗೂ ಆಡದ ಮಾತು ಒಬ್ಬ ಪರಕೀಯನ ಎದುರು ಬಾಯಿಗೆ ಬರಲಿಲ್ಲ. “ಏನೂ ಇಲ್ಲ,” ಎಂದ ಮಡೆಪ್ಪ. ಅವರು ನಂಬಲಿಲ್ಲವೆಂದು ಕಂಡು, ಬೆಂಕಿಗೆ ಇನ್ನಷ್ಟು ಕಟ್ಟಿಗೆ ಒಟ್ಟಿದ. “ಬೇಕಾದ್ರ ಎರಡು ಸಾವಿರ ತಗೋರಿ.”

ಖಾಜಾ ಮಿಯಾ ನಕ್ಕ. “ಕೂಡ್ರಿ, ಕೂಡ್ರಿ. ಬಿಸಲಾಗ ಬಂದೀರಿ. ಚಾ ಕುಡೀರಿ.” ಫೈಜಲನ ಕಡೆ ತಿರುಗಿ ದಖನಿ ಉರ್ದುವಿನಲ್ಲಿ ಏನೋ ಅಂದ. ಫೈಜಲ ಒಂದು ಮಣೆಯಿಂದ ಬ್ಲೇಡು ಕಿತ್ತು, ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡು ಗಾಡಿ ಒದ್ದ. ಚಹಾ ಬರುವಷ್ಟರಲ್ಲಿ ಅವನು ರಸ್ತೆ ತಿರುಗಿಯಾಗಿತ್ತು.

“ಕೌದಿ ಎಲ್ಲದ ರಿ?” ಎಂದ ಮಡೆಪ್ಪ.

“ಔರಾದ ಕಡೆ, ಚಿಂತಾಕಿ ಊರಿಗಿ ಹೋಗ್ಯಾದ. ಅಲ್ಲಿ ಒಬ್ಬಾವ ತಗೋತಾನ. ಸಾವಕಾಶ ಹೋಗ್ರಿ. ಮಧ್ಯಾಹ್ನ ಬಸ್ ಅದ.”

ಮಡೆಪ್ಪ ಕಪ್ಪು ಮುಟ್ಟದೆ ಎದ್ದ. ಬಾಗಿಲ ಹತ್ತಿರದ ಆ ಮೂಲೆಯಲ್ಲಿ ಬ್ಲೇಡಿಲ್ಲದ ಮಣೆಯ ಮುಂದೆ ಕುಳಿತಿದ್ದ ಮುದುಕಿ, ತಲೆ ಎತ್ತದೆಯೇ, ತುಂಡು ಅರಿವೆ ಜೋಡಿಸುತ್ತ ಅಂದಳು: “ಚಿಂತಾಕಿ ಅಲ್ಲ ಕಾಕಾ. ಎಕಂಬಾ. ಹಾಜಿರಾಬೀ ಅಂತ ಕೇಳ್ರಿ. ನಿನ್ನಿ ಏಳು ಗೋದಡಿ ಒಯ್ದಾಳ. ಬಂಗಾರ ಅದ ಅಂತ ಈ ಪೋರ ಹರೀಲಿಕ್ಕ ಹೋಗ್ಯಾನ. ನಾ ಹೇಳೀನಿ ಅನಬ್ಯಾಡ್ರಿ.”

ಎಕಂಬಾಕ್ಕೆ ಹೋಗಲು ಔರಾದದಲ್ಲಿ ಇಳಿಯಬೇಕು; ಔರಾದದ ಬಸ್ಸು ಹೊರಡುವುದರಲ್ಲಿತ್ತು. ಮಡೆಪ್ಪ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತ. ಕಂಡಕ್ಟರ್ ಓಂಪ್ರಕಾಶ ಮೂವತ್ತರ ಪ್ರಾಯದವನು. ಟಿಕೇಟು ಕೊಡುತ್ತ ಮುಖ ನೋಡಿ ಗುರುತು ಹಿಡಿದ.

“ನೀವು ಮಡೆಪ್ಪ ಕಂಡಕ್ಟರ್ ಅಲ್ಲೇನ್ರಿ? ರೂಲ್ ಮಡೆಪ್ಪ? ಡಿಪೋದಾಗ ಇನ್ನಾ ನಿಮ್ಮ ಕಥಿ ಹೇಳ್ತಾರ. ಸ್ವಂತ ಮಾವಗ ಲಗೇಜ್ ಟಿಕೀಟ್ ಹರದೀರಂತ.”

“ತಮ್ಮಾ, ನಡುವೆ ಚಹಾಕ್ಕ ಗಾಡಿ ನಿಂದ್ರಸಬ್ಯಾಡ್ರೋ. ಜರೂರು ಅದ.”

“ಹತ್ತು ಮಿನಿಟ್ ನಿಲುಗಡೆ ಅದ ರಿ. ಟೈಮ್ ಅಂದ್ರ ಟೈಮ್. ನೀವೇ ಕಲಿಸಿದ್ದು.” ಓಂಪ್ರಕಾಶ ನಕ್ಕು ಹಿಂದಕ್ಕೆ ಹೋದ.

ಬಸ್ಸು ನಿಂತಿತು. ಡ್ರೈವರ್ ಕೆಳಗಿಳಿದು ಸಾಸರಿಗೆ ಚಹಾ ಸುರುವಿ ಊದಿ ಊದಿ ಕುಡಿದ. ಮಡೆಪ್ಪ ಕಿಟಕಿಯ ಸರಳು ಹಿಡಿದು ಆ ಹತ್ತು ಮಿನಿಟುಗಳನ್ನು ನುಂಗಿದ. ಹೀಗೆ ಅವಸರದಲ್ಲಿದ್ದ ಎಷ್ಟು ಜನರಿಗೆ ತಾನು ‘ಟೈಮ್ ಅಂದ್ರ ಟೈಮ್’ ಎಂದಿದ್ದೆನೋ. ಕಣ್ಣು ಮುಚ್ಚಿ ಮಂತ್ರ ಎಣಿಸಲು ನೋಡಿದ, ಎಣಿಕೆ ತಪ್ಪಿತು. ಬ್ಲೇಡು ಅಷ್ಟೊತ್ತಿಗೆ ಹಸಿರು ಸೀರೆಯಲ್ಲಿ ಇಳಿದಿರಬಹುದು. ಬಂಗಾರ ಸಿಗಲಿಲ್ಲವೆಂದು ಚೆಲ್ಲಿದ ಚಿಂದಿಯಲ್ಲಿ ಒಂದು ಸಣ್ಣ ಅಂಗಿ ಯಾರ ಕಣ್ಣಿಗೆ ಬೀಳುತ್ತದೆ? ಗೊಬ್ಬರದ ಗುಂಡಿಗೆ ಹೋಗುತ್ತದೆ.

ಆ ಅಂಗಿ ಹೇಗಿತ್ತು? ನೆನಪಿಸಿಕೊಳ್ಳಲು ನೋಡಿದ. ಬಣ್ಣ ಬರಲಿಲ್ಲ. ಬಂದದ್ದು ಒಂದು ಅಂಗೈ. ಗುಡಿಯಾ ಅವ್ವನ ಜೊತೆ ಅವನ ಬಸ್ಸು ಹತ್ತಿದಾಗಲೆಲ್ಲ ಕೈ ಚಾಚುತ್ತಿದ್ದಳು. “ಅಪ್ಪಾ, ನನಗೂ ಟಿಕೀಟ್ ಕೊಡು.” “ಸಣ್ಣ ಮಕ್ಕಳಿಗಿ ಟಿಕೀಟ್ ಇಲ್ಲ. ಆರು ತುಂಬಲಿ, ಅರ್ಧಾ ಟಿಕೀಟ್ ಕೊಡ್ತೀನಿ.” ಕೆಳಗೆ ಬಿದ್ದ ಹರಕು ಟಿಕೇಟು ಕೊಟ್ಟರೆ ಅವಳು ತೆಗೆದುಕೊಳ್ಳುತ್ತಿರಲಿಲ್ಲ. ತನ್ನದೇ ಬೇಕು. ಒಂದು ಸುಳ್ಳು ಟಿಕೇಟು ಹರಿದು ತನ್ನ ಕಿಸೆಯ ದುಡ್ಡು ಹಾಕಿದ್ದರೆ ಏನು ಹೋಗುತ್ತಿತ್ತು? ಅದು ನಿಯಮದಲ್ಲಿ ಇರಲಿಲ್ಲ.

ಔರಾದದಲ್ಲಿ ಇಳಿದವನೇ ಆಟೋ ಹಿಡಿದ. ಎಕಂಬಾದಲ್ಲಿ ಹಾಜಿರಾಬೀಯ ಮನೆ ಕೇಳಬೇಕಾಗಲಿಲ್ಲ. ಫೈಜಲನ ಮೋಟರ್ ಸೈಕಲು ಬಾಗಿಲಲ್ಲೇ ನಿಂತಿತ್ತು. ಒಳಗಿನಿಂದ ಜಗಳದ ದನಿ ಕೇಳುತ್ತಿತ್ತು. ದನಿ ಇದೆ ಎಂದರೆ ಇನ್ನೂ ಮುಗಿದಿಲ್ಲ. ಮಡೆಪ್ಪ ಎಡವುತ್ತ ಅಂಗಳ ಹೊಕ್ಕ.

ಬೇವಿನ ನೆರಳಲ್ಲಿ ಕೌದಿಗಳನ್ನು ಮಡಚಿ ಒಟ್ಟಲಾಗಿತ್ತು. ಆದರೆ ಒಂದರ ಮೇಲೆ ಅರವತ್ತೈದರ ಪ್ರಾಯದ ಒಬ್ಬ ತೆಳ್ಳನೆಯ ಹೆಂಗಸು ಕಾಲು ಮಡಚಿ ಗಟ್ಟಿಯಾಗಿ ಕುಳಿತಿದ್ದಳು. ಅವಳ ಮಂಡಿಯ ಕೆಳಗೆ ಹಸಿರು ಸೀರೆ ಕಾಣುತ್ತಿತ್ತು, ಕೆಂಪು ಪಟ್ಟಿ ಕಾಣುತ್ತಿತ್ತು. ಎದುರಿಗೆ ಫೈಜಲ ಬ್ಲೇಡು ಹಿಡಿದು ನಿಂತಿದ್ದ.

“ಅರ್ಧಾ ತಾಸಾತು, ಏಳ್ರಿ ಚಾಚೀ. ಮಾಮೂನೇ ಹೇಳ್ಯಾನ. ಏನ್ ಸಿಕ್ಕರೂ ನಿಮಗೂ ಪಾಲು.”

“ನೀ ಮೊದಲ ಆ ಬ್ಲೇಡ್ ಒಳಗ ಇಡು. ನನ್ನ ಅಂಗಳದಾಗ ನಿಂತು ನನಗೇ ಬ್ಲೇಡ್ ತೋರಸ್ತಿಯಾ? ನಿನ್ನ ಕುಂಡಿ ತೊಳದಾಕಿ ನಾನು.”

“ಅಮ್ಮಾ, ಅದು ನನ್ನದು,” ಎಂದ ಮಡೆಪ್ಪ ಏದುಸಿರು ಬಿಡುತ್ತ. “ನನ್ನ ಹೆಂಡತಿದು.”

“ಬಂದ ನೋಡ್ರಿ ಎರಡ್ ಸಾವಿರದಾವ!” ಎಂದ ಫೈಜಲ. “ಹಳೇ ಗೋದಡೀಗಿ ಎರಡ್ ಸಾವಿರ ಯಾವ ಹುಚ್ಚ ಕೊಡ್ತಾನ? ಕೇಳ್ರಿ ಚಾಚೀ, ನೀವೇ ಕೇಳ್ರಿ.”

ಹಾಜಿರಾಬೀ ಮಡೆಪ್ಪನ ಹಣೆಯ ವಿಭೂತಿ ನೋಡಿದಳು, ಧೂಳು ತುಂಬಿದ ಚಪ್ಪಲಿ ನೋಡಿದಳು. ಏಳಲಿಲ್ಲ. “ಕೇಳ್ತೀನಿ. ಹೇಳ್ರಿ ಅಣ್ಣಾ, ಒಳಗ ಏನದ? ಖರೇ ಹೇಳ್ರಿ. ಸುಳ್ಳು ಹೇಳಿದ್ರ ನಾನೇ ಇವನ ಕೈಯಾಗ ಕೊಡ್ತೀನಿ.”

ಬ್ಲೇಡು ಬಿಸಿಲಿಗೆ ಹೊಳೆಯಿತು. ಮಡೆಪ್ಪ ಅದರಿಂದ ಕಣ್ಣು ಕಿತ್ತು ಅವಳ ಕಡೆ ನೋಡಿದ.

“ನನ್ನ ಮಗಳ ಅಂಗಿ ಅದ.”

“ಮಗಳು ಎಲ್ಲಿದ್ದಾಳ?”

“ಹೋಗ್ಯಾಳ. ಸಣ್ಣಾಕಿ ಇದ್ದಾಗೇ. ಆರು ತುಂಬಿದ್ದಿಲ್ಲ.”

ಹಾಜಿರಾಬೀಯ ಮುಖ ಬದಲಾಗಲಿಲ್ಲ. “ಯಾವ ಬಣ್ಣ ಅಂಗಿ?”

“ಗೊತ್ತಿಲ್ಲ.”

“ಎಷ್ಟ್ ಗುಂಡಿ ಅವ?”

“ಗೊತ್ತಿಲ್ಲಮ್ಮಾ.”

ಫೈಜಲ ತೊಡೆ ತಟ್ಟಿ ನಕ್ಕ. “ಕೇಳಿದ್ರೇನು? ಅಪ್ಪ ಅಂತ, ಬಣ್ಣ ಗೊತ್ತಿಲ್ಲಂತ!”

“ಎಲ್ಲಾ ಕೊಟ್ಟುಬಿಡು ಅಂದಾವ ನಾನೇ,” ಎಂದ ಮಡೆಪ್ಪ. ಅವನು ಫೈಜಲನಿಗೆ ಹೇಳುತ್ತಿರಲಿಲ್ಲ. “ಅವಳು ನನಗ ಹೆದರಿ ಇದರಾಗ ಇಟ್ಟು ಹೊಲದಾಳ. ನನಗ ಇವತ್ತ ಮುಂಜಾನಿ ಗೊತ್ತಾಗ್ಯಾದ. ಇವತ್ತೇ.”

“ಹಾಂಗಂದ್ರ ಇದೇ ಗೋದಡಿ ಅಂತ ಹ್ಯಾಂಗ ನಂಬಲಿ? ಹಸರ ಸೀರಿ ಊರ ತುಂಬಾ ಅವ,” ಎಂದಳು ಹಾಜಿರಾಬೀ.

ಮಡೆಪ್ಪ ಕೌದಿಯ ಕಡೆ ನೋಡಿದ. ಮನೆಯ ಮಂಚ ನೆನಪಿಗೆ ಬಂತು. ಗೋಡೆಯ ಕಡೆ ತಾನು, ಆಚೆ ಶಾಂತಾಬಾಯಿ. ಕೌದಿ ತಲೆಕೆಳಗಾಗಿ ಹಾಸಿದರೆ ಅವಳು ಅರೆನಿದ್ದೆಯಲ್ಲೂ ಎದ್ದು ಸರಿಮಾಡುತ್ತಿದ್ದಳು. ಯಾವ ಕಡೆ ಹಾಸಿದರೇನು ಎಂದು ಅವನು ಗೊಣಗುತ್ತಿದ್ದ.

“ಎಡಗಡಿ,” ಎಂದ. “ಕೆಂಪು ಪಟ್ಟಿಯಿಂದ ಒಂದು ಗೇಣು ಒಳಗ. ತಲೀಕಡಿಯಿಂದ ಒಂದು ಮೊಳ ಕೆಳಗ. ಅಲ್ಲಿ ಅರಿವಿ ಸವದಿರ್ತದ ನೋಡ್ರಿ. ಅವಳ ಕೈ ಅಲ್ಲೇ ಇರ್ತಿತ್ತು. ದಿನಾ ಅಲ್ಲೇ. ಕೈ ನೋಯ್ತದೇನು ಅಂತ ಕೇಳೀನಿ. ಇಲ್ಲ ಅಂತಿದ್ದಳು.”

ಹೇಳುತ್ತ ಹೇಳುತ್ತ ಅವನಿಗೆ ಅರ್ಥವಾಯಿತು. ಅಂಗಳದ ಮಣ್ಣಲ್ಲೇ ಕುಳಿತ.

ಹಾಜಿರಾಬೀ ಕೌದಿಯಿಂದ ಸರಿದು, ಒಂದು ಗೇಣು ಅಳೆದು, ಮೊಳ ಅಳೆದು, ಅಂಗೈ ಇಟ್ಟಳು. ಹಸಿರು ಅಲ್ಲಿ ಬಿಳಿಚಿತ್ತು. ಅವಳು ಬೆರಳಿಂದ ಒತ್ತಿ ಒತ್ತಿ ನೋಡಿದಳು.

“ಮೂರು ಗುಂಡಿ ಅವ,” ಎಂದಳು. “ನಿನ್ನಿ ಸಂಜೀಕ ತೊಳೀಲಿಕ್ಕ ತಗದಾಗ ಕೈಗಿ ಹತ್ಯಾವ. ಇಷ್ಟಿಷ್ಟೇ ಗುಂಡಿ, ಸಣ್ಣ ಮಕ್ಕಳವು. ನೀರಿಗಿ ಹಾಕಲಿಲ್ಲ, ತಗದು ಇಟ್ಟೆ. ಇದನ್ನ ಮಾರಿದವರು ಎಂಥಾ ಮಂದಿ ಅಂತ ಬೈದೀನಿ ನಿಮಗ. ತಗೊಂಡು ಹೋಗ್ರಿ.”

“ಹಾಂಗ ಹ್ಯಾಂಗ ಹೋಗ್ತಾನ?” ಫೈಜಲ ಅಡ್ಡ ನಿಂತ. “ಗುಂಡಿನೋ ಬಂಗಾರದ ಗುಂಡೋ ಯಾರು ನೋಡ್ಯಾರ? ಬಿಚ್ಚಿ ತೋರಸ್ರಿ. ಇಲ್ಲಂದ್ರ ಚಾಚೀ, ನಾಳಿಂದ ಮಾಮು ನಿಮಗ ಒಂದೂ ಗೋದಡಿ ಕೊಡಂಗಿಲ್ಲ. ನೀವಿಬ್ಬರೂ ಕೂಡಿ ಹಂಚಿಕೊಂಡೀರಿ ಅಂತಾನ.”

ಹಾಜಿರಾಬೀಯ ಕೈ ಕೌದಿಯ ಮೇಲೆಯೇ ನಿಂತಿತು. ಅವಳ ಮನೆ ನಡೆಯುವುದು ಆ ಗೋದಾಮಿನಿಂದ ಬಂದ ಹಳೆ ಕೌದಿಗಳಿಂದ; ತೊಳೆದು, ತೇಪೆ ಹಾಕಿ, ಸಂತೆಯಲ್ಲಿ ಮಾರುತ್ತಿದ್ದಳು. ಆದರೂ ಅವಳು ಕೌದಿಯನ್ನು ಮಡಚಿ ಮಡೆಪ್ಪನ ತೊಡೆಯ ಮೇಲಿಟ್ಟಳು. “ನೀವು ನಡೀರಿ ಅಣ್ಣಾ. ಅವನ ಮಾಮೂಗ ನಾ ಹೇಳ್ಕೋತೀನಿ.”

ಮಡೆಪ್ಪ ಎದ್ದ. ಕೌದಿ ಎದೆಗೆ ಹತ್ತಿತ್ತು. ಹೊಗೆಯ, ಗೋದಾಮಿನ ವಾಸನೆಯ ಕೆಳಗೆ ಎಲ್ಲೋ ಶಾಂತಾಬಾಯಿಯ ವಾಸನೆ. ಬಾಗಿಲ ತನಕ ಹೋದ. ಹೋಗಿಬಿಟ್ಟರೆ ಆಯಿತು. ಬೇಡ ಅನ್ನುವವರು ಯಾರೂ ಇಲ್ಲ. ಶಾಂತಾಬಾಯಿ ಹಾಕಿದ ಹೊಲಿಗೆ ಹಾಗೆಯೇ ಉಳಿಯುತ್ತದೆ. ಒಂದೊಂದು ಹೊಲಿಗೆ ಜೋಳದ ಕಾಳಿಗಿಂತ ಸಣ್ಣದು. ಅವಳು ಯಾರಿಗೂ ತೋರಿಸಬಾರದೆಂದು ಮುಚ್ಚಿದ್ದನ್ನು ಬೀದಿಯ ಹುಡುಗನ ಎದುರು ಬಿಚ್ಚಬೇಕೆ?

ಹಿಂದಿರುಗಿ ನೋಡಿದ. ಹಾಜಿರಾಬೀ ಉಳಿದ ಕೌದಿಗಳನ್ನು ಎಣಿಸುವಂತೆ ನೋಡುತ್ತಿದ್ದಳು, ಇವೇ ಕೊನೆಯವು ಎಂಬಂತೆ. ಅವಳು ಒಂದು ಮಾತನ್ನೂ ಆಡಲಿಲ್ಲ. ಮೂವತ್ತೆಂಟು ವರ್ಷದ ಹಿಂದೆ ಇನ್ನೊಬ್ಬಳು ಹೀಗೆಯೇ ಸುಮ್ಮನಿದ್ದಳು. ಆಗಲೂ ತಾನು ಬಾಗಿಲು ದಾಟಿ ಡ್ಯೂಟಿಗೆ ಹೋಗಿದ್ದೆ.

ಮಡೆಪ್ಪ ತಿರುಗಿ ಬಂದು ಕುಳಿತು, ಕೌದಿಯನ್ನು ಅವಳ ಮುಂದೆ ಹಾಸಿದ.

“ಬಿಚ್ಚರಿ ಅಮ್ಮಾ. ಇವ ನೋಡಲಿ.”

“ಬ್ಯಾಡ ಅಣ್ಣಾ.”

“ಬಿಚ್ಚರಿ. ಬ್ಲೇಡ್ ಮಾತ್ರ ಬ್ಯಾಡ.”

ಹಾಜಿರಾಬೀ ಸೂಜಿ ತೆಗೆದಳು. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿ ದಾರ ಜಗ್ಗಿದಳು. ಹಸಿರು ಸೀರೆ ಸರಿಯಿತು. ಅದರ ಕೆಳಗೆ ಮಗನ ಮದುವೆಯಲ್ಲಿ ಉಟ್ಟ ಬದನೆಕಾಯಿ ಬಣ್ಣದ್ದು, ಅದರ ಕೆಳಗೆ ಒಂದು ಹೂವಿನದು, ಅದರ ಕೆಳಗೆ ತನ್ನದೇ ಒಂದು ಧೋತರ. ಒಂದೊಂದನ್ನೂ ಮಡೆಪ್ಪ ಬಲ್ಲ. ಇಡೀ ಸಂಸಾರ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋಯಿತು. ಫೈಜಲ ನಿಂತವನು ಕುಕ್ಕರಗಾಲಲ್ಲಿ ಕುಳಿತ.

ಒಂದು ಗೇಣಿನಷ್ಟು ಬಾಯಿ ತೆರೆದ ಮೇಲೆ ಹಾಜಿರಾಬೀ ಕೈ ಒಳಗೆ ಹಾಕಿ, ಎಳೆಯದೆ, ಮೆಲ್ಲಗೆ ತಂದಳು. ಅಂಗೈಯಗಲದ ತೋಳು. ಮೊದಲು ಹಳದಿ ಇತ್ತೋ ಏನೋ, ಈಗ ಚಹಾದ ಬಣ್ಣ. ಎದೆಯ ಮೇಲೆ ಮಾಸಿದ ಸಣ್ಣ ಸಣ್ಣ ಗಿಳಿಗಳು. ಮೂರು ಗುಂಡಿ.

ಮಡೆಪ್ಪ ನೋಡಿದ. ಎಷ್ಟು ಹೊತ್ತು ನೋಡಿದರೂ ಆ ಅಂಗಿ ಅವನಿಗೆ ನೆನಪಾಗಲಿಲ್ಲ. ಅದು ತನಗೆ ಸಿಕ್ಕ ಶಿಕ್ಷೆ ಎಂದು ತಲೆಬಾಗಿದ. ಬೆರಳಿಂದ ಒಂದು ಗಿಳಿಯನ್ನು ಮುಟ್ಟಿದ. “ಶಿವಾ,” ಎಂದ. ಬೇರೆ ಪ್ರಾರ್ಥನೆ ಬರಲಿಲ್ಲ.

ಫೈಜಲನ ಫೋನು ಕೂಗಿತು. ಅವನು ಆಚೆ ತಿರುಗಿ ಕಿವಿಗಿಟ್ಟುಕೊಂಡ. “ಏನೂ ಇಲ್ಲ ಮಾಮು... ಇಲ್ಲ, ನಾ ನೋಡೀನಿ, ನನ್ನ ಕಣ್ಣೀಲೆ... ಸಣ್ಣ ಹುಡಗೀದು ಅಂಗಿ. ಅಷ್ಟೇ ಅದ ಅಂದ್ನೆಲ್ಲ!” ಫೋನು ಕಿಸೆಗೆ ಹಾಕಿಕೊಂಡು ಬ್ಲೇಡನ್ನು ಮತ್ತೆ ಕಾಗದದಲ್ಲಿ ಸುತ್ತಿದ.

ಹಾಜಿರಾಬೀ ಅಂಗಿಯನ್ನು ಇದ್ದಲ್ಲೇ ಇಟ್ಟು ಹೊಲಿಯತೊಡಗಿದಳು. ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿದಳು. ಇನ್ನೆರಡು ಬೆರಳು ಉಳಿದಾಗ ಕೈ ನಿಲ್ಲಿಸಿದಳು. “ತಿನ್ಲಿಕ್ಕ ಏನರ ಅದಾ ನಿಮ್ಮ ಹತ್ತಿರ? ಖಾಲಿ ಹೊಟ್ಟೀಲಿ ಮುಚ್ಚಬಾರದು.”

ಮಡೆಪ್ಪ ಅವಳ ಮುಖ ನೋಡಿದ. “ನಿಮ್ಮಲ್ಲೂ ಹಾಂಗೇನು?”

“ಸೂಜಿ ಹಿಡದೋರೆಲ್ಲಾ ಹಾಂಗೇ.”

ಚೀಲದಿಂದ ಡಬ್ಬಿ ತೆಗೆದ. ರೊಟ್ಟಿ ಮುರಿದು ಒಂದು ಚೂರನ್ನು ತಾನೇ, ತನ್ನ ಕೈಯಿಂದಲೇ, ಆ ಸಂದಿಯಲ್ಲಿಟ್ಟ. ಹಾಜಿರಾಬೀ ಮುಚ್ಚಿ ಹೊಲಿದು, ದಾರವನ್ನು ಹಲ್ಲಿಂದ ಕಡಿದಳು.

ಕಿಸೆಯಲ್ಲಿದ್ದ ನೋಟುಗಳನ್ನೆಲ್ಲ ಅವನು ಮುಂದೆ ಹಿಡಿದಾಗ ಅವಳು ತನ್ನ ಐವತ್ತು, ದಾರಕ್ಕೆಂದು ಇಪ್ಪತ್ತು ಮಾತ್ರ ತೆಗೆದುಕೊಂಡಳು. ಡಬ್ಬಿಯನ್ನಾದರೂ ಇಟ್ಟುಕೊಳ್ಳಿ ಎಂದ. ಅವಳು ಮುಚ್ಚಳ ತಿರುಗಿಸಿ ನೋಡಿ ಮೊದಲ ಸಲ ನಕ್ಕಳು. “ಏಜಾಜ ನಿಮಗೂ ಇದೇ ಕೊಟ್ಟಾನಾ? ನಮ್ಮ ಮನ್ಯಾಗ ಇಂಥಾವು ಎರಡವ. ಒಂದೂ ಮುಚ್ಚಂಗಿಲ್ಲ. ಮೊದಲ ರೊಟ್ಟಿ ತಿನ್ರಿ, ಮಾರಿ ಸಣ್ಣಾಗ್ಯಾದ.”

ಅವನು ತಿಂದ. ಬಾಗಿಲಾಚೆ ಫೈಜಲ ಗಾಡಿ ತಿರುಗಿಸಿ ಕಾದಿದ್ದ. “ಹತ್ರಿ ಕಾಕಾ,” ಎಂದ, ಮುಖ ಕೊಡದೆ. “ಐದರ ಬಸ್ ಸಿಗ್ತದ.”

ಔರಾದದ ನಿಲ್ದಾಣದಲ್ಲಿ ನಿಂತಿದ್ದು ಅದೇ ಓಂಪ್ರಕಾಶನ ಬಸ್ಸು. ಈಗ ಬೀದರಕ್ಕೆ ಹೊರಟಿತ್ತು. ಮಡೆಪ್ಪ ಕೌದಿಯನ್ನು ಕಿಟಕಿಯ ಕಡೆ ಇಟ್ಟು, ಕೆಂಪು ಪಟ್ಟಿಯ ಎಡ ಅಂಚು ಮೇಲೆ ಬರುವಂತೆ ಸರಿಮಾಡಿ, ಮಗ್ಗುಲಲ್ಲಿ ಕುಳಿತ. ಊರು ದಾಟಿದ ಮೇಲೆ ಓಂಪ್ರಕಾಶ ಬಂದ.

“ಕೆಲಸ ಆತೇನ್ರಿ? ಗೋದಡೀಗಿ ಲಗೇಜ್ ಹರೀಲೇನು, ರೂಲ್ ಪ್ರಕಾರ?” ಎಂದು ನಕ್ಕ. “ಬ್ಯಾಡ ಬಿಡ್ರಿ. ನೀವು ನಮ್ಮೋರು.”

“ಲಗೇಜ್ ಬ್ಯಾಡ,” ಎಂದ ಮಡೆಪ್ಪ. “ಬೀದರ. ಒಂದು ಪೂರಾ, ಒಂದು ಅರ್ಧಾ.”

“ಅರ್ಧಾ ಯಾರಿಗಿ?”

“ಮಗಳಿಗಿ.”

ಓಂಪ್ರಕಾಶ ಹಿಂದಿನ ಸೀಟು ನೋಡಿದ, ಮುಂದಿನ ಸೀಟು ನೋಡಿದ. “ಹೆಣ್ಮಕ್ಕಳಿಗಿ ಈಗ ಫ್ರೀ ಅದಲಾ ಕಾಕಾ. ರೊಕ್ಕ ಯಾಕ?”

“ಇರಲಿ. ರೊಕ್ಕ ತಗೊಂಡು ಕೊಡು.”

ಓಂಪ್ರಕಾಶ ಕೌದಿಯ ಮೇಲಿದ್ದ ಮುದುಕನ ಕೈ ನೋಡಿ ಟಿಕೇಟು ಯಂತ್ರ ಎತ್ತಿಕೊಂಡ. ಯಂತ್ರ ಕಿರ್ರೆಂದಿತು. ಎರಡು ಚೀಟಿ ಹೊರಬಂದವು. ಪೂರ್ತಿಯದನ್ನು ಮಡೆಪ್ಪ ತನ್ನ ಕಿಸೆಗೆ ಹಾಕಿಕೊಂಡ. ಅರ್ಧದ್ದನ್ನು ಸಣ್ಣಗೆ ಮಡಚಿ, ಕೌದಿಯ ಎಡಕ್ಕೆ, ಒಂದು ಗೇಣು ಒಳಗೆ, ಒಂದು ಮೊಳ ಕೆಳಗೆ ಇಟ್ಟು, ಅದರ ಮೇಲೆ ಅಂಗೈ ಮುಚ್ಚಿ ಕುಳಿತ.